ಮೂರು ಚೆಂಡಿನ ವಿದ್ಯೆ

ವೈಟ್‌ಫೀಲ್ಡಿನ ಕಂಟೈನರ್ ಡಿಪೋಗೆ ದಿನಾ ಏನೇನೋ ರೈಲಿನಲ್ಲಿ ಬಂದು ಇಳಿಯುತ್ತದೆ. ಊರಿನವರು ಯಾರೂ ಅದನ್ನು ನೋಡಲು ಹೋಗುವುದಿಲ್ಲ. ಕೋವಿಡ್ಡಿನ ಅಲೆಯ ನಡುವೆ, 2021ರ ಮೇ 11ರಂದು ಬಂದ ಗಾಡಿಗೆ ಮಾತ್ರ ರಾಜ್ಯಕ್ಕೆ ರಾಜ್ಯವೇ ಕಾದು ಕೂತಿತ್ತು. ಜಮ್‌ಶೆಡ್‌ಪುರದ ಟಾಟಾನಗರದಿಂದ ಹೊರಟ ಅದರಲ್ಲಿ ಆರು ಕಂಟೈನರು, 120 ಟನ್ ದ್ರವ ಆಮ್ಲಜನಕ. ಕರ್ನಾಟಕಕ್ಕೆ ಬಂದ ಮೊದಲನೆಯ ಆಕ್ಸಿಜನ್ ಎಕ್ಸ್‌ಪ್ರೆಸ್ಸು ಅದು. ಅದೇ ತಿಂಗಳು ಜೋಲಾರ್‌ಪೇಟೆಯಿಂದ ಇಂಥದೇ ಒಂದು ಗಾಡಿಯನ್ನು ಹೆಂಗಸರೇ ಓಡಿಸಿಕೊಂಡು ಬೆಂಗಳೂರಿಗೆ ತಂದರು. ಸೊನ್ನೆಗಿಂತ 183 ಡಿಗ್ರಿ ಕೆಳಗೆ ತಣಿಸಿದರೆ ಆಮ್ಲಜನಕ ತಿಳಿನೀಲಿ ದ್ರವವಾಗುತ್ತದೆ. ಒಂದು ಲೀಟರು ದ್ರವ ಮತ್ತೆ ಗಾಳಿಯಾದಾಗ ಎಂಟುನೂರಕ್ಕೂ ಹೆಚ್ಚು ಲೀಟರು. ನಾವು ಶಾಲೆಯಲ್ಲಿ ಓದಿ ಮರೆತಿದ್ದ ಈ ಸಂಗತಿಗಳೆಲ್ಲ ಆ ಒಂದು ತಿಂಗಳಲ್ಲಿ ಹಾಲಿನ ಬೂತಿನ ಮುಂದಿನ ಮಾತಾಗಿಬಿಟ್ಟವು. ಆಗಬೇಕಾದ್ದೇ. ಗಾಡಿ ಬರುವುದಕ್ಕೆ ವಾರದ ಮುಂಚೆಯಷ್ಟೇ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ರಾತ್ರಿ ಆಮ್ಲಜನಕ ಸಾಲದೆ ಜನ ಸತ್ತಿದ್ದರು.

ಆ ದಿನಗಳಿಂದ ನಮ್ಮ ಊರಿಗೆ ಒಂದು ನಂಬಿಕೆ ಅಂಟಿಕೊಂಡಿದೆ. ಆಮ್ಲಜನಕ ಅಂದರೆ ಔಷಧಿ, ಔಷಧಿ ಹೆಚ್ಚಿದ್ದಷ್ಟೂ ಒಳ್ಳೆಯದು. ಮೈಕೈ ನೋವೇ, ಮಂಡಿ ಸವೆತವೇ, ಕೋವಿಡ್ಡು ಬಂದುಹೋದ ಮೇಲೂ ಬಿಡದ ಸುಸ್ತೇ, ಮೂಗಿಗೆ ಒಂದು ನಳಿಕೆ ಇಟ್ಟು ಕೂತರೆ ಸರಿಹೋಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಹೇಳುವವರಿಗಿಂತ ಮಾರುವವರು ಬೇಗ ಸಿಗುತ್ತಾರೆ.

ನಮ್ಮ ಷಡ್ಡಕರು ಆಮ್ಲಜನಕಕ್ಕೆ ಈ ಭಕ್ತಿ ತೋರಿಸಿದವರಲ್ಲ. ಪೀಣ್ಯ ಎರಡನೇ ಹಂತದ ಒಂದು ಫ್ಯಾಬ್ರಿಕೇಶನ್ ಷೆಡ್ಡಿನಲ್ಲಿ ಕಬ್ಬಿಣದ ಪ್ಲೇಟು ಕತ್ತರಿಸುತ್ತ ಆಯಸ್ಸು ಸವೆಸಿದ ಮನುಷ್ಯ. ಅವರಿಗೆ ಆಕ್ಸಿಜನ್ ಅಂದರೆ ಕರೀ ಸಿಲಿಂಡರು, ಪಕ್ಕದಲ್ಲಿ ಮರೂನು ಬಣ್ಣದ ಅಸಿಟಿಲೀನು, ಎರಡೂ ಸೇರಿದರೆ ಗ್ಯಾಸ್ ಕಟಿಂಗು. ಆಸ್ಪತ್ರೆಯ ಸಿಲಿಂಡರಿಗೆ ಮೈ ಕರಿ, ಹೆಗಲು ಬಿಳಿ. "ಒಳಗಿರೋದು ಒಂದೇ ಕಣ್ರೀ, ಆ ಬಿಳೀ ಬಣ್ಣಕ್ಕೆ ಜನ ಕೈ ಮುಗೀತಾರೆ" ಎನ್ನುತ್ತಿದ್ದರು. ಅದು ಪೂರ್ತಿ ನಿಜವಲ್ಲ, ರೋಗಿಗೆ ಕೊಡುವುದನ್ನು ತುಂಬುವ ಶುಚಿಯ ಕಟ್ಟುಪಾಡೇ ಬೇರೆ. ಆದರೆ ಅವರ ಜೊತೆ ಈ ವಿಷಯದಲ್ಲಿ ವಾದಕ್ಕಿಳಿಯುವಷ್ಟು ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. 2021ರ ಏಪ್ರಿಲ್ 22ರಿಂದ ಕೇಂದ್ರ ಸರ್ಕಾರ ಒಂಬತ್ತು ಬಗೆಯ ಉದ್ಯಮ ಬಿಟ್ಟು ಮಿಕ್ಕೆಲ್ಲ ಕಾರ್ಖಾನೆಗಳಿಗೆ ಆಕ್ಸಿಜನ್ ಕೊಡಬಾರದು ಎಂದಾಗ, ಪೀಣ್ಯದ ಎಷ್ಟೋ ಷೆಡ್ಡುಗಳಲ್ಲಿ ಕಟಿಂಗ್ ಟಾರ್ಚು ಆರಿತು. ಷಡ್ಡಕರು ಆಗಲೇ ನಿವೃತ್ತರು. ಆದರೂ ಹಳೇ ಷೆಡ್ಡಿನಿಂದ ಫೋನು ಬಂದಾಗ ಹೇಳಿದ್ದು: "ಹೋಗ್ಲಿ ಬಿಡ್ರಪ್ಪಾ, ಕಬ್ಬಿಣ ಕಾಯುತ್ತೆ."

ಆಮೇಲಿನ ತಿಂಗಳು ಆ ಬಿಳೀ ಹೆಗಲಿನ ಸಿಲಿಂಡರು ಅವರ ಮಂಚದ ಪಕ್ಕಕ್ಕೇ ಬಂತು.

ಬದುಕಿಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಜೊತೆಗೆ ಬಾಡಿಗೆಯ ಒಂದು ಕಾನ್ಸಂಟ್ರೇಟರೂ ಬಂತು. ಗುರ್ ಎನ್ನುವ, ಗಾಲಿಯಿರುವ ಡಬ್ಬ. ಅದರೊಳಗೆ ಜಿಯೋಲೈಟ್ ಎಂಬ ಖನಿಜದ ಹರಳುಗಳಿರುತ್ತವೆ. ಗಾಳಿಯನ್ನು ಒತ್ತಿ ಅದರೊಳಗೆ ನುಗ್ಗಿಸಿದರೆ ಸಾರಜನಕ ಹರಳಿಗೆ ಅಂಟುತ್ತದೆ, ಆಮ್ಲಜನಕ ಆಚೆ ಬರುತ್ತದೆ, ನೂರಕ್ಕೆ ತೊಂಬತ್ತರ ಮೇಲೆ. ಇದೇ ತಂತ್ರವನ್ನು ಇಟ್ಟುಕೊಂಡು ನಮ್ಮ ಊರಿನದೇ ಡೆಬೆಲ್ ಎಂಬ ರಕ್ಷಣಾ ಪ್ರಯೋಗಾಲಯ ತೇಜಸ್ ಯುದ್ಧವಿಮಾನದ ಪೈಲಟ್ಟಿಗೆ ಆಕಾಶದಲ್ಲಿ ಉಸಿರು ಒದಗಿಸುವ ಯಂತ್ರ ಮಾಡಿತ್ತು. ಕೋವಿಡ್ಡಿನಲ್ಲಿ ಅದನ್ನೇ ನೆಲಕ್ಕಿಳಿಸಿ, ನಿಮಿಷಕ್ಕೆ ಸಾವಿರ ಲೀಟರು ಕೊಡುವ ಆಸ್ಪತ್ರೆ ಘಟಕಗಳನ್ನಾಗಿ ಮಾಡಿದರು. ಇದನ್ನು ಷಡ್ಡಕರಿಗೆ ಹೇಳಿದ್ದೇ ತಪ್ಪಾಯಿತು. ಯಾರು ಯೋಗಕ್ಷೇಮ ವಿಚಾರಿಸಲು ಬಂದರೂ ಡಬ್ಬ ತೋರಿಸಿ, "ಇದು ತೇಜಸ್ದು" ಎನ್ನತೊಡಗಿದರು.

ಆ ಡಬ್ಬದಿಂದ ಮನೆಯಲ್ಲಿ ಒಂದು ದೊಡ್ಡ ಜಗಳವೂ ಆಯಿತು. ಗ್ಯಾಸ್ ಕಟಿಂಗಿನವರು ಕಲಿಯುವ ಮೊದಲ ಪಾಠ, ಆಕ್ಸಿಜನ್ ವಾಲ್ವಿಗೆ ಎಣ್ಣೆ ಕೈ ತಾಗಿಸಬಾರದು. ಒತ್ತಡದ ಆಮ್ಲಜನಕಕ್ಕೆ ಎಣ್ಣೆ, ಗ್ರೀಸು ಸೋಕಿದರೆ ಬೆಂಕಿಕಡ್ಡಿಯೂ ಬೇಕಿಲ್ಲ. ಷಡ್ಡಕರ ಹೆಂಡತಿ, ಎಂದರೆ ನಮ್ಮ ಅತ್ತಿಗೆ, ಗಂಡನ ಮಂಡಿಗೆ ಮಹಾನಾರಾಯಣ ತೈಲ ತೀಡಲು ಬಟ್ಟಲು ಹಿಡಿದು ಬಂದರೆ ಇವರು ಮಂಚದ ಮೇಲಿನಿಂದಲೇ ಕೂಗಾಡಿದರು. "ನಳಿಕೆ ಮೂಗಲ್ಲಿದೆ, ಎಣ್ಣೆ ತರ್ತೀಯಲ್ಲ, ಸುಟ್ಟು ಹಾಕ್ತೀಯಾ ನನ್ನ?" ಮಂಡಿಯೆಲ್ಲಿ ಮೂಗೆಲ್ಲಿ ಎಂದು ಅತ್ತಿಗೆ. ಅಲ್ಲಿಗೆ ನಿಲ್ಲಲಿಲ್ಲ. ದೇವರ ಕೋಣೆ ಪಕ್ಕದಲ್ಲೇ ಇದ್ದದ್ದರಿಂದ ದೀಪವನ್ನೂ ಊದುಬತ್ತಿಯನ್ನೂ ಆರಿಸು ಎಂದರು. "ದೇವರ ದೀಪ ಆರಿಸಿ ನಿಮ್ಮನ್ನ ಬದುಕಿಸ್ಕೋಬೇಕಾ?" ಎಂದು ಅತ್ತಿಗೆ ಅತ್ತರು. ಈ ಎರಡನೆಯ ಮಾತಿನಲ್ಲಿ ಷಡ್ಡಕರದೇ ಸರಿ. ಮನೆಯಲ್ಲಿ ಆಮ್ಲಜನಕ ಹರಿಯುವಾಗ ಹತ್ತಿರದಲ್ಲಿ ದೀಪ, ಊದುಬತ್ತಿ, ಬೀಡಿ, ಗ್ಯಾಸ್ ಒಲೆ ಯಾವುದೂ ಇರಬಾರದು. ಮೂಗು ತುಟಿಗೆ ವ್ಯಾಸಲೀನಿನಂಥದನ್ನೂ ಹಚ್ಚಬಾರದು. ಕೊನೆಗೆ ದೇವರು ಅಡುಗೆಮನೆಯಾಚೆಯ ಉಗ್ರಾಣಕ್ಕೆ ವರ್ಗವಾದ. ಅಲ್ಲೇ ಇದ್ದಾನೆ, ಈಗಲೂ.

ವರ್ಷ ಕಳೆಯಿತು. ಡಬ್ಬ ವಾಪಸ್ಸು ಹೋಯಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮಾತ್ರ ಉಳಿಯಿತು. ಅದನ್ನು ಕಂಡುಹಿಡಿದವರು ಜಪಾನಿನ ತಕುವೊ ಅಯೊಯಾಗಿ, 1974ರಲ್ಲಿ. ಜಗತ್ತಿನ ಮನೆಮನೆಯಲ್ಲೂ ಅದು ಬೇಕಾದ 2020ರ ಏಪ್ರಿಲಿನಲ್ಲೇ ಅವರು ತೀರಿಕೊಂಡರು. ಷಡ್ಡಕರ ಬೆರಳಿನಲ್ಲಿ ಅದು 97 ತೋರಿಸುತ್ತಿತ್ತು. ಆದರೆ ಮಾಳಿಗೆ ಹತ್ತಿದರೆ ಏದುಸಿರು, ಮಂಡಿಯಲ್ಲಿ ಕಟಕಟ, ಮಧ್ಯಾಹ್ನದ ಹೊತ್ತಿಗೆ ಉಸ್ಸಪ್ಪಾ ಎಂದು ಕುಸಿದು ಕೂರುವುದು. ಆಗ ಅವರ ಮಗಳು ಒಂದು ಕರಪತ್ರ ತಂದಳು. ಆಕೆ ಇರುವುದು ವೈಟ್‌ಫೀಲ್ಡಿನಲ್ಲಿ. ಅಲ್ಲಿ ಮನುಷ್ಯನಿಗೆ ಏನಾದರೂ ಆದರೆ ಮೊದಲು ಕರಪತ್ರ ಬರುತ್ತದೆ. ಮುಖಕ್ಕೆ ಮಾಸ್ಕು ಹಾಕಿಕೊಂಡು ಸೈಕಲ್ಲು ತುಳಿಯುತ್ತ ಶುದ್ಧ ಆಮ್ಲಜನಕ ಎಳೆದುಕೊಳ್ಳುವುದಂತೆ. ಕೀಲುನೋವು, ವೈರಸ್ಸಿನ ನಂತರದ ಸುಸ್ತು, ಚರ್ಮದ ಕಾಂತಿ ಮೂರಕ್ಕೂ ಮದ್ದಂತೆ. ಕೀಲಿಗೂ ಕಾಂತಿಗೂ ಒಂದೇ ಮದ್ದು ಎಂದಾಗಲೇ ನನಗೆ ಅನುಮಾನ. ಷಡ್ಡಕರು ಕರಪತ್ರವನ್ನು ನನ್ನ ಕೈಗಿತ್ತು, "ನೀವು ಓದ್ಕೊಂಡೋರು, ಇದರ ಹಣೆಬರಹ ನೋಡಿ ಹೇಳಿ" ಎಂದರು.

ನೋಡಿದೆ. ನನಗೆ ತಿಳಿದದ್ದನ್ನು 335ಇ ಬಸ್ಸಿನ ಲೆಕ್ಕದಲ್ಲಿ ಹೇಳಿದೆ. ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಹೋಗುವ ಆ ಬಸ್ಸಿನಲ್ಲಿ ನೂರು ಸೀಟಿದೆ ಅನ್ನಿ. ನಿಮ್ಮ ರಕ್ತದ ಹಿಮೋಗ್ಲೋಬಿನ್ನೇ ಆ ಬಸ್ಸು. ಆಕ್ಸಿಮೀಟರು 97 ಎಂದರೆ ತೊಂಬತ್ತೇಳು ಸೀಟು ಆಗಲೇ ತುಂಬಿದೆ. ಸ್ಟಾಪಿನಲ್ಲಿ ಇನ್ನು ಐನೂರು ಜನ ತಂದು ನಿಲ್ಲಿಸಿದರೂ ಹತ್ತುವವರು ಮೂರು ಜನ, ಮಿಕ್ಕವರು ಫುಟ್‌ಬೋರ್ಡು. ಫುಟ್‌ಬೋರ್ಡಿಗೂ ಲೆಕ್ಕವಿದೆ: ನೂರು ಮಿಲಿಲೀಟರು ರಕ್ತದಲ್ಲಿ ಹಿಮೋಗ್ಲೋಬಿನ್ ಹೊತ್ತ ಆಮ್ಲಜನಕ ಸುಮಾರು ಇಪ್ಪತ್ತು ಮಿಲಿಲೀಟರು, ಸುಮ್ಮನೆ ಕರಗಿರುವುದು ಬರೀ 0.3. ಶುದ್ಧ ಆಮ್ಲಜನಕವನ್ನೇ ಎಳೆದುಕೊಂಡರೂ ಆ ಕರಗಿದ್ದು ಎರಡರ ಹತ್ತಿರಕ್ಕೆ ಏರೀತು, ಅಷ್ಟೇ. ಕೋವಿಡ್ಡಿನಲ್ಲಿ ನಿಮ್ಮ ಬಸ್ಸು ಖಾಲಿ ಓಡುತ್ತಿತ್ತು, ಆಗ ಸಿಲಿಂಡರು ಬೇಕಾಗಿತ್ತು. ಈಗ ಬಸ್ಸು ತುಂಬಿದೆ, ರಸ್ತೆ ಸರಿಯಿಲ್ಲ. ಷಡ್ಡಕರು ಸ್ವಲ್ಪ ಹೊತ್ತು ಯೋಚಿಸಿ, "ಆ ಬಸ್ಸಲ್ಲಿ ಸೀಟು ಸಿಕ್ಕಿದ್ದು ನಾನು ಕಾಣೆ" ಎಂದರು.

ಇದು ನನ್ನ ತರ್ಕವಷ್ಟೇ ಅಲ್ಲ. ಶ್ವಾಸಕೋಶ ಕೆಟ್ಟು, ಕೂತಲ್ಲೇ ಆಮ್ಲಜನಕ ತೀರಾ ಇಳಿದವರಿಗೆ ದಿನಕ್ಕೆ ಹದಿನೈದು ಗಂಟೆಗೆ ಕಡಿಮೆಯಿಲ್ಲದಂತೆ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂಬುದು 1980ರ ಹೊತ್ತಿನಲ್ಲೇ ಅಮೆರಿಕ, ಇಂಗ್ಲೆಂಡುಗಳ ಪರೀಕ್ಷೆಗಳಲ್ಲಿ ತಿಳಿದಿತ್ತು. ಸ್ವಲ್ಪ ಮಾತ್ರ ಇಳಿದವರಿಗೆ? 2016ರಲ್ಲಿ 738 ರೋಗಿಗಳ ಮೇಲೆ ನಡೆದ ಅಮೆರಿಕದ ದೊಡ್ಡ ಪರೀಕ್ಷೆ ಬಂತು. ಆಯುಸ್ಸಿನಲ್ಲೂ ಇಲ್ಲ, ಆಸ್ಪತ್ರೆ ಸೇರುವುದರಲ್ಲೂ ಇಲ್ಲ, ನಡೆಯುವ ತ್ರಾಣದಲ್ಲೂ ಇಲ್ಲ, ಲಾಭ ಎಲ್ಲೂ ಕಾಣಲಿಲ್ಲ. ಹಾಗಿರುವಾಗ ಒಂದಿಷ್ಟೂ ಇಳಿಯದ ಷಡ್ಡಕರಿಗೆ ಏನು ಸಿಕ್ಕೀತು? ಒತ್ತಡದ ಕೋಣೆಯಲ್ಲಿ ಮಲಗಿಸಿ ಕೊಡುವ ಆಮ್ಲಜನಕದ ಮಾತು ಸ್ವಲ್ಪ ಬೇರೆ. ಮುಳುಗುಗಾರರ ತೊಂದರೆಗೆ, ಸಕ್ಕರೆಕಾಯಿಲೆಯ ವಾಸಿಯಾಗದ ಕಾಲಿನ ಹುಣ್ಣಿಗೆ ಅದು ಒಪ್ಪಿತವಾದ ಚಿಕಿತ್ಸೆ. ಇಸ್ರೇಲಿನಲ್ಲಿ 2022ರಲ್ಲಿ 73 ಮಂದಿ ದೀರ್ಘ ಕೋವಿಡ್ ರೋಗಿಗಳ ಮೇಲೆ, ಅರ್ಧ ಜನಕ್ಕೆ ಸುಳ್ಳು ಚಿಕಿತ್ಸೆ ಕೊಟ್ಟು ಹೋಲಿಸಿ ನೋಡಿದಾಗ, ನಲವತ್ತು ಸಲ ನಿಜವಾದದ್ದು ಪಡೆದವರಿಗೆ ತಲೆಯ ಮಂಕು ಕಡಿಮೆಯಾಯಿತು ಎಂದು ವರದಿಯಾಗಿದೆ. ಎಪ್ಪತ್ತಮೂರು ಜನರ ಮೇಲೆ ಕರಪತ್ರ ಅಚ್ಚು ಹಾಕಿಸುವುದು ಅವಸರವೇ.

ಈ ಅವಸರ ಹಳೆಯದು. ಜೋಸೆಫ್ ಪ್ರೀಸ್ಟ್ಲಿ 1774ರಲ್ಲಿ ಈ ಅನಿಲ ಹಿಡಿದಾಗ ಮೊದಲು ಇಲಿಗೆ ಕೊಟ್ಟ, ಆಮೇಲೆ ತಾನೇ ಎಳೆದುಕೊಂಡ, ಎದೆ ಹಗುರಾಯಿತು ಅಂದುಕೊಂಡ, ಮುಂದೊಂದು ದಿನ ಸಾಹುಕಾರರು ಇದನ್ನು ಷೋಕಿಗೆ ಎಳೆದುಕೊಂಡಾರು ಎಂದೂ ಊಹಿಸಿದ. ವೈಟ್‌ಫೀಲ್ಡಿನ ಭವಿಷ್ಯ ಅವನಿಗೆ ಕಂಡಿತ್ತು. ಆ ಶತಮಾನ ಮುಗಿಯುವ ಮೊದಲೇ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಥಾಮಸ್ ಬೆಡೋಸ್ ಎಂಬ ವೈದ್ಯ ಗಾಳಿಗಳಿಂದಲೇ ರೋಗ ವಾಸಿಮಾಡುವ ಸಂಸ್ಥೆ ತೆರೆದ, 1799ರಲ್ಲಿ. ಕ್ಷಯದವರಿಗೆ ಹಸುವಿನ ಉಸಿರು ಒಳ್ಳೆಯದೆಂದು ರೋಗಿಯ ಕೋಣೆಗೆ ಹಸುವನ್ನು ಕಟ್ಟಿಸಿದ್ದನಂತೆ. ಇದನ್ನು ಕೇಳಿ ಅತ್ತಿಗೆಗೆ ಇಂಗ್ಲೆಂಡಿನ ಮೇಲೆ ಮೊದಲ ಸಲ ಗೌರವ ಬಂತು. ಆ ಸಂಸ್ಥೆಯಿಂದ ಯಾವ ರೋಗವೂ ವಾಸಿಯಾಗಲಿಲ್ಲ. ಆದರೆ ಅಲ್ಲಿ ಕೆಲಸಕ್ಕಿದ್ದ ಹಂಫ್ರಿ ಡೇವಿ ಎಂಬ ಹುಡುಗ ನಗೆ ಅನಿಲ ಎಳೆದುಕೊಂಡು ನಕ್ಕೂ ನಕ್ಕೂ ಪ್ರಸಿದ್ಧನಾದ. ಕರಪತ್ರದ ಸೈಕಲ್ಲಿನ ಹಿರಿಯ ನೆಂಟ ಇನ್ನೊಬ್ಬ ಜರ್ಮನಿಯಲ್ಲಿದ್ದ: ಮಾನ್‌ಫ್ರೆಡ್ ಫಾನ್ ಆರ್ಡೆನ್ನೆ. ಟೆಲಿವಿಷನ್ನಿನಲ್ಲಿ ಹೆಸರು ಮಾಡಿ, ಸೋವಿಯತ್ತಿನ ಅಣುಬಾಂಬಿನ ಯೋಜನೆಯಲ್ಲೂ ದುಡಿದು, ಕೊನೆಗೆ ಡ್ರೆಸ್ಡೆನ್ನಿನಲ್ಲಿ ಕೂತು ಮಾತ್ರೆ, ಆಮ್ಲಜನಕ, ವ್ಯಾಯಾಮ ಎಂಬ ಮೂರು ಮೆಟ್ಟಿಲಿನ ಚಿಕಿತ್ಸೆ ಹುಟ್ಟುಹಾಕಿದವನು. ಹೆಸರು ಬಂತು, ಜನ ಬಂದರು, ವೈದ್ಯವಿಜ್ಞಾನ ಒಪ್ಪುವಂಥ ಪುರಾವೆ ಬರಲಿಲ್ಲ. ಆಮ್ಲಜನಕವನ್ನು ಅಳೆದು ತೂಗಿ ಕೊಡುವ ಶಿಸ್ತು ತಂದದ್ದು ಜೆ.ಎಸ್. ಹಾಲ್ಡೇನ್, ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಕುಡಿದ ಸೈನಿಕರಿಗಾಗಿ. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ಭಾರತಕ್ಕೇ ಬಂದು ನೆಲೆಸಿ, ಭುವನೇಶ್ವರದಲ್ಲಿ ತೀರಿಕೊಂಡರು.

ಹಾಲ್ಡೇನರ ಇನ್ನೊಂದು ಶೋಧ ನಮ್ಮ ಕಥೆಗೆ ಇನ್ನೂ ಹತ್ತಿರದ್ದು. ಅವರೂ ಅವರ ಜೊತೆಗಾರ ಪ್ರೀಸ್ಟ್ಲಿಯೂ (ಈ ಪ್ರೀಸ್ಟ್ಲಿ ಬೇರೆ, ಇಲಿಯವನಲ್ಲ) 1905ರಲ್ಲಿ ತೋರಿಸಿದ್ದು: ಉಸಿರಾಡು ಉಸಿರಾಡು ಎಂದು ನಮ್ಮನ್ನು ದೂಡುವುದು ಬಹುಮಟ್ಟಿಗೆ ಆಮ್ಲಜನಕದ ಕೊರತೆ ಅಲ್ಲ, ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡು. ದೀರ್ಘ ಕೋವಿಡ್ಡಿನ ಎಷ್ಟೋ ಜನಕ್ಕೆ ಆಗುವುದೇ ಇಲ್ಲಿ. ಎದೆಯ ಮೇಲ್ಭಾಗದಲ್ಲೇ ಚೂರುಚೂರು, ಬೇಗಬೇಗ ಉಸಿರಾಡುವ ಚಟ ಹತ್ತಿಕೊಳ್ಳುತ್ತದೆ. ಬೇಕಿದ್ದ ಡೈಆಕ್ಸೈಡೂ ಆಚೆ ಹೋಗುತ್ತದೆ. ತಲೆ ತಿರುಗುತ್ತದೆ, ಬೆರಳು ಜುಮುಜುಮು. ಬೆದರಿ ಇನ್ನೂ ಬೇಗ ಉಸಿರಾಡುತ್ತಾರೆ. ಆಕ್ಸಿಮೀಟರು ಪಾಪ 98 ಎಂದು ಹೇಳುತ್ತಲೇ ಇರುತ್ತದೆ. ಇಂಥವರಿಗೆ ಗಾಳಿ ಸಾಲದೆ ಬಂದಿರುವುದಲ್ಲ, ಉಸಿರಾಡುವ ರೀತಿ ಮರೆತುಹೋಗಿರುತ್ತದೆ. ಮರೆತದ್ದನ್ನು ಸಿಲಿಂಡರು ಕಲಿಸುವುದಿಲ್ಲ. ಯಾರಾದರೂ ಎದುರು ಕೂತು ಕಲಿಸಬೇಕು.

ಕಲಿಸಿದವಳು ಒಬ್ಬ ಫಿಸಿಯೋ ಹುಡುಗಿ, ಹಾಸನದ ಕಡೆಯವಳು, ದಾಸರಹಳ್ಳಿಯಲ್ಲಿ ಪೀಜಿಯಲ್ಲಿದ್ದು ಸ್ಕೂಟರಿನಲ್ಲಿ ಮನೆಮನೆಗೆ ಬರುತ್ತಾಳೆ. ಆಕೆಯ ಚೀಲದಿಂದ ಮೊದಲು ಹೊರಬಂದದ್ದು ಕೋವಿಡ್ಡಿನ ಕಾಲದಲ್ಲಿ ಪ್ರತಿ ಮೆಡಿಕಲ್ ಸ್ಟೋರಿನಲ್ಲೂ ಜೋತಾಡುತ್ತಿದ್ದ ಪ್ಲಾಸ್ಟಿಕ್ ಆಟಿಕೆ: ಮೂರು ಕೊಳವೆ, ಮೂರು ಚೆಂಡು, ಒಂದು ನಳಿಕೆ. ಸ್ಪೈರೋಮೀಟರು. ಎಳೆದ ಉಸಿರಿನ ರಭಸ ಸೆಕೆಂಡಿಗೆ 600 ಮಿಲಿಲೀಟರು ಮುಟ್ಟಿದರೆ ಒಂದು ಚೆಂಡು ಏಳುತ್ತದೆ, 900ಕ್ಕೆ ಎರಡು, 1200ಕ್ಕೆ ಮೂರು. ಷಡ್ಡಕರು ನಳಿಕೆ ಕಚ್ಚಿ, ಕೆನ್ನೆ ಉಬ್ಬಿಸಿ, ಪ್ರಾಣ ಬಿಟ್ಟು ಊದಿದರು. ಚೆಂಡು ಕದಲಲಿಲ್ಲ.

"ಊದೋದಲ್ಲ ಅಂಕಲ್, ಒಳಗೆ ಎಳ್ಕೊಳಿ."

"ಎಲ್ಲಾ ಕಡೆ ಊದ್ತಾರಲ್ಲಮ್ಮ?"

"ಎಲ್ಲಾರೂ ಮೊದಲು ಊದೇ ಊದ್ತಾರೆ. ನಿಧಾನಕ್ಕೆ ಎಳ್ಕೊಳಿ. ಚೆಂಡು ಮೇಲೇ ನಿಲ್ಲಿಸ್ಬೇಕು, ಬಡಿದು ಬೀಳಿಸೋದಲ್ಲ."

ನಿಲ್ಲಿಸುವುದೇ ಕಷ್ಟ. ಮೂರೂ ಚೆಂಡನ್ನು ಟಣ್ಣನೆ ಎಬ್ಬಿಸಿ ಬೀಳಿಸುವುದು ಷಡ್ಡಕರಿಗೆ ಬೇಗ ಬಂತು, ಅದು ಗಂಡಸಿನ ಹಟ. ಎರಡನ್ನು ಎತ್ತಿ ಅಲ್ಲೇ ಹಿಡಿಯುವುದು ಬರಲು ತುಂಬಾ ಕಾಲ ಹಿಡಿಯಿತು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ವಪೆಯಿಂದ ಉಸಿರಾಡುವುದು. ಮೂಗಿನಲ್ಲಿ ಎಳೆದು, ತುಟಿ ಕಿರಿದು ಮಾಡಿ, ಎಳೆದ ಕಾಲದ ಎರಡರಷ್ಟು ಕಾಲ ಬಿಡುವುದು. ಮಂಡಿಗೂ ಈ ಪಾಠದಲ್ಲಿ ಪಾಲಿತ್ತು. ಕುರ್ಚಿಯಿಂದ ಏಳುವಾಗ ಅವರು ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಎರಡೂ ಕೈ ಊರಿ ಏಳುವರು. ನೋವಿರುವವರೆಲ್ಲ ಹಾಗೇ. ಹಾಗೆ ಬಿಗಿಹಿಡಿದಾಗ ಮೈಯೆಲ್ಲ ಸೆಟೆಯುತ್ತದೆ, ನೋವಿನ ಜೊತೆ ಸುಸ್ತೂ ಸೇರುತ್ತದೆ. "ಏಳೋವಾಗ ಉಸಿರು ಬಿಡ್ತಾ ಏಳಿ ಅಂಕಲ್" ಎಂದಳು. ಬಿಡುತ್ತ ಎದ್ದರು. ತೊಡೆಯ ಮುಂಭಾಗದ ಸ್ನಾಯು ಸೋತದ್ದರಿಂದಲೇ ಮಂಡಿಗೆ ಅಷ್ಟು ಭಾರ ಬೀಳುತ್ತಿದ್ದುದು. ನಿಮಿಷವೊಂದರಲ್ಲಿ ಎಷ್ಟು ಸಲ ಕೂತು ಏಳುತ್ತೀರಿ ಎಂದು ಎಣಿಸುವುದು, ಆರು ನಿಮಿಷದಲ್ಲಿ ಓಣಿಯಲ್ಲಿ ಎಷ್ಟು ದೂರ ನಡೆಯುತ್ತೀರಿ ಎಂದು ಅಳೆಯುವುದು, ಇವೇ ಅವಳ ಪರೀಕ್ಷೆಗಳು. ಇದರಲ್ಲಿ ಮಾರುವುದಕ್ಕೆ ಏನೂ ಇಲ್ಲ. ಅದಕ್ಕೇ ಕರಪತ್ರವೂ ಇಲ್ಲ.

ಉಸಿರಿನ ವಿದ್ಯೆಯ ಮಾತು ಬಂದಮೇಲೆ ಎಲೆಕ್ಟ್ರಾನಿಕ್ ಸಿಟಿ ದಾಟಿ ಜಿಗಣಿಯ ಕಡೆ ತಿರುಗದೆ ಇರಲಾಗುವುದಿಲ್ಲ. ಅಲ್ಲಿ ಪ್ರಶಾಂತಿ ಕುಟೀರದಲ್ಲಿ ಎಸ್‌-ವ್ಯಾಸ ಎಂಬ ಯೋಗ ವಿಶ್ವವಿದ್ಯಾಲಯವಿದೆ. ಕಟ್ಟಿದವರಲ್ಲಿ ಎಚ್.ಆರ್. ನಾಗೇಂದ್ರ ಎಂಜಿನಿಯರು, ನಾಸಾದಲ್ಲಿ ಕೆಲಸ ಮಾಡಿ ಬಂದವರು, ಆರ್. ನಾಗರತ್ನ ವೈದ್ಯೆ. ಇಬ್ಬರೂ ಸೇರಿ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಒಂದು ಪ್ರಬಂಧ ಬರೆದರು. 53 ಮಂದಿ ಅಸ್ತಮಾ ರೋಗಿಗಳಿಗೆ ಯೋಗ ಕಲಿಸಿ, ಕಲಿಸದ ಇನ್ನು 53 ಮಂದಿಯ ಜೊತೆ ಹೋಲಿಸಿ ನೋಡಿದ್ದು. ಕಲಿತವರಿಗೆ ಉಬ್ಬಸ ಕಡಿಮೆಯಾಗಿ ಔಷಧಿಯೂ ಇಳಿಯಿತು. ಯೋಗವನ್ನು ಬಾಯಿಮಾತಿನಲ್ಲಿ ಹೊಗಳುವುದೇ ರೂಢಿಯಾಗಿದ್ದ ಕಾಲದಲ್ಲಿ ಎಣಿಸಿ ತೋರಿಸಿದ್ದು ದೊಡ್ಡದು. ಇದೇ ಬಳಗದ ಶರ್ಲಿ ಟೆಲ್ಲಿಸ್ 1990ರ ದಶಕದಲ್ಲಿ ಒಂದೊಂದೇ ಹೊಳ್ಳೆಯ ಪ್ರಾಣಾಯಾಮವನ್ನು ತಿಂಗಳು ಮಾಡಿಸಿ ಅಳೆದರು. ಬಲಹೊಳ್ಳೆಯವರು ಸುಮ್ಮನೆ ಕೂತಾಗ ಬಳಸುವ ಆಮ್ಲಜನಕ ನೂರಕ್ಕೆ 37ರಷ್ಟು ಏರಿತು. ಇದನ್ನು ಕೆಲವರು "ಪ್ರಾಣಾಯಾಮದಿಂದ ಆಮ್ಲಜನಕ ಹೆಚ್ಚುತ್ತದೆ" ಎಂದು ತಿರುಗಿಸಿ ಹೇಳುತ್ತಾರೆ. ಏರಿದ್ದು ಖರ್ಚು ಸ್ವಾಮೀ, ಜಮೆಯಲ್ಲ. ಮೈ ಚುರುಕಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ, ಉಗ್ರಾಣ ತುಂಬುತ್ತದೆ ಎಂಬುದಕ್ಕಲ್ಲ.

ಮಂಡಿಯ ವಿಷಯದಲ್ಲೂ ಬೆಂಗಳೂರಿನದೇ ಒಂದು ಪರೀಕ್ಷೆಯಿದೆ, 2012ರದು. ಮೂಳೆ ವೈದ್ಯ ಜಾನ್ ಎಬ್ನೆಜರ್ ಮತ್ತು ನಾಗರತ್ನ ಅವರ ಬಳಗ ಮಂಡಿ ಸವೆದ 250 ಜನರನ್ನು ಎರಡು ಗುಂಪು ಮಾಡಿತು. ಎಲ್ಲರಿಗೂ ಮಾಮೂಲಿ ಫಿಸಿಯೋಥೆರಪಿ. ಅದರ ಮೇಲೆ ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಆಸನ, ಪ್ರಾಣಾಯಾಮ, ವಿಶ್ರಾಂತಿ ಸೇರಿದ ಯೋಗ. ಯೋಗದವರಿಗೆ ನೋವೂ ಬೆಳಗಿನ ಬಿಗಿತವೂ ಹೆಚ್ಚು ಇಳಿಯಿತು. ನನಗೆ ಇದರಲ್ಲಿ ಎರಡು ತಕರಾರಿದೆ. ಎದುರಿದ್ದು ಮಾಡಿಸಿದ ಚಿಕಿತ್ಸೆಯ ಅವಧಿ ಎರಡೇ ವಾರದ್ದು. ಇನ್ನೊಂದು, ವಾಸಿಮಾಡಿದ್ದು ಉಸಿರೋ, ಆಸನವೋ, ಅಥವಾ ಒಬ್ಬರು ನಲವತ್ತು ನಿಮಿಷ ಪಕ್ಕದಲ್ಲಿದ್ದು ಮೆಲ್ಲಗೆ ಮಾತಾಡಿಸಿದ್ದೋ, ಬಿಡಿಸಿ ಹೇಳುವ ಹಾಗಿಲ್ಲ. ಷಡ್ಡಕರಿಗೆ ಕೇಳಿದರೆ ಮೂರನೆಯದನ್ನೇ ಆರಿಸುತ್ತಾರೆ. ಆ ಹುಡುಗಿ ಬರುವ ದಿನ ಬೆಳಿಗ್ಗೆಯೇ ಶೇವಿಂಗು ಮುಗಿಸಿ ಕೂತಿರುತ್ತಾರೆ.

ಈ ಗಲಾಟೆಯಲ್ಲಿ ಅತ್ತಿಗೆಯ ಕೈ ಯಾರಿಗೂ ನೆನಪಿರಲಿಲ್ಲ. 2006ರಲ್ಲಿ ಚಿಕೂನ್‌ಗುನ್ಯ ದೇಶಕ್ಕೆಲ್ಲ ಬಂತು, ಕರ್ನಾಟಕಕ್ಕೆ ಎಲ್ಲರಿಗಿಂತ ಜೋರಾಗಿ ಬಂತು. ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.5 ಲಕ್ಷ ನಮ್ಮ ರಾಜ್ಯದ್ದೇ. ಅರ್ಧಕ್ಕಿಂತ ಹೆಚ್ಚು. ತಿಪಟೂರಿನ ಕಡೆ ತವರಿಗೆ ಹೋದ ಅತ್ತಿಗೆ ಅಲ್ಲಿಂದ ಅದನ್ನು ತಂದರು. ಜ್ವರ ವಾರದಲ್ಲಿ ಬಿಟ್ಟಿತು, ಕೀಲು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲು ಬಾರದು, ಹಾಲಿನ ಪ್ಯಾಕೆಟ್ಟು ಕತ್ತರಿಸಲು ಬಾರದು. ವೈರಸ್ಸು ಹೋದಮೇಲೂ ಕೀಲಿನೊಳಗೆ ಉರಿಯೂತ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ ಎಂಬುದನ್ನು ಆಗ ಹಳ್ಳಿಹಳ್ಳಿಯೇ ಕಲಿಯಿತು. "ದೀರ್ಘ" ಎಂಬ ವಿಶೇಷಣ ಹಚ್ಚಿ ಆಗ ಯಾರೂ ಅದಕ್ಕೆ ಹೆಸರಿಡಲಿಲ್ಲ. ಹೆಂಗಸರು ಅಮೃತಬಳ್ಳಿ ಕಷಾಯ ಕುಡಿದು ರೊಟ್ಟಿ ತಟ್ಟಿದರು. ಈಗ ಫಿಸಿಯೋ ಹುಡುಗಿ ಗಂಡನ ಪಾಠ ಮುಗಿಸಿ ಹೊರಡುವಾಗ, ಕಾಫಿ ಲೋಟ ಹಿಡಿದ ಅತ್ತಿಗೆಯ ಬೆರಳು ನೋಡಿ, "ಆಂಟಿ, ಎಷ್ಟು ವರ್ಷದಿಂದ ಹೀಗಿದೆ?" ಎಂದು ಕೇಳಿದಳು. ಮೃದುವಾದ ಚೆಂಡೊಂದನ್ನು ಕೊಟ್ಟು ಉಸಿರು ಬಿಡುತ್ತ ಹಿಸುಕಲು ಹೇಳಿದಳು. ಬೆಂಗಳೂರಿನದೇ ಒಂದು ಅಧ್ಯಯನ 2001ರಲ್ಲಿ, ಯೋಗ ಕಲಿತ ಆಮವಾತದ ರೋಗಿಗಳ ಮುಷ್ಟಿಯ ಬಿಗಿ ಹೆಚ್ಚಿದ್ದನ್ನು ಅಳೆದು ತೋರಿಸಿದೆ. ಅತ್ತಿಗೆಗೆ ಆ ಅಧ್ಯಯನ ಬೇಡ. ಉಪ್ಪಿನಕಾಯಿ ಜಾಡಿಯ ಮುಚ್ಚಳ ತಾವೇ ತೆಗೆದ ದಿನ ಓಣಿಗೆಲ್ಲ ಹೇಳಿದರು. ಆಮವಾತದವರು ವೈದ್ಯರು ಬರೆದ ಮಾತ್ರೆ ಬಿಟ್ಟು ಬರೀ ಉಸಿರು ನೆಚ್ಚಿಕೊಂಡರೆ ಕೀಲು ಕರಗಿಹೋಗುತ್ತದೆ ಎಂಬುದನ್ನೂ ಆ ಹುಡುಗಿ ಹೇಳಿದ್ದಳು. ಅದನ್ನು ಓಣಿಗೆ ಹೇಳಲಿಲ್ಲ, ನಾನು ಇಲ್ಲಿ ಹೇಳುತ್ತಿದ್ದೇನೆ.

ಕರಪತ್ರ ತಂದ ಮಗಳ ಕಥೆಯೇ ಕಠಿಣ. ಅವಳಿಗೂ ಅದೇ ಅಲೆಯಲ್ಲಿ ಕೋವಿಡ್ ಆಗಿತ್ತು, ಆಸ್ಪತ್ರೆಯ ಮುಖ ನೋಡದೆ ಮನೆಯಲ್ಲೇ ವಾಸಿಯಾಯಿತು. ವಾಸಿಯಾದಳು ಎಂದು ಎಲ್ಲರೂ ಅಂದುಕೊಂಡೆವು. ಆರಂಭದ ಮೂರು ತಿಂಗಳ ನಂತರವೂ ಲಕ್ಷಣ ಉಳಿದು, ಎರಡು ತಿಂಗಳಾದರೂ ಕಾಡಿದರೆ ಅದು ದೀರ್ಘ ಕೋವಿಡ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಗೆರೆ ಎಳೆಯಿತು. ಇವಳು ಆ ಗೆರೆಯನ್ನು ಎಂದೋ ದಾಟಿದ್ದಳು. "ಚಿಕ್ಕಪ್ಪ, ಒಳ್ಳೇ ದಿನವೇ ಮೋಸ ಮಾಡುತ್ತೆ" ಎನ್ನುತ್ತಾಳೆ. ಒಂದು ದಿನ ಹುಷಾರಾಗಿದ್ದೇನೆ ಎಂದು ಹೂಡಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲನ್ನು ಎಸ್ಕಲೇಟರು ಬಿಟ್ಟು ಹತ್ತಿದರೆ, ಅವತ್ತು ಏನೂ ಆಗುವುದಿಲ್ಲ. ಮಾರನೆಯ ದಿನ, ಇಲ್ಲ ಅದರ ಮಾರನೆಯ ದಿನ, ಹಾಸಿಗೆ. ಇಂಥವರಿಗೆ "ದಿನಾ ಸ್ವಲ್ಪ ಜಾಸ್ತಿ ಮಾಡು, ಅಭ್ಯಾಸವಾಗುತ್ತೆ" ಎನ್ನುವ ಉಪದೇಶ ವಿಷ. ಸೈಕಲ್ಲು ತುಳಿಸುತ್ತ ಆಮ್ಲಜನಕ ಕೊಡುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ, ನಾಳೆ ಏನಾಗುತ್ತದೆ ನಿಮಗೆ? ಕರಪತ್ರದಲ್ಲಿ ಆ ಪ್ರಶ್ನೆ ಇರಲಿಲ್ಲ. ಇವಳಿಗೆ ಫಿಸಿಯೋ ಹೇಳಿಕೊಟ್ಟದ್ದು ಅಪ್ಪನಿಗೆ ಹೇಳಿದ್ದಕ್ಕೆ ಪೂರಾ ತದ್ವಿರುದ್ಧ: ತ್ರಾಣ ಮುಗಿಯುವುದಕ್ಕೆ ಮೊದಲೇ ನಿಲ್ಲು, ಮೀಟಿಂಗುಗಳ ಮಧ್ಯೆ ಮಲಗು, ಕ್ಯಾಮೆರಾ ಆರಿಸಿ ಹೊಟ್ಟೆಯ ಉಸಿರು ಎಣಿಸು. ಒಂದೇ ಮನೆ, ಒಂದೇ ವೈರಸ್ಸು. ಒಬ್ಬರಿಗೆ ನಡೆ ಎನ್ನಬೇಕು, ಇನ್ನೊಬ್ಬರಿಗೆ ಕೂರು ಎನ್ನಬೇಕು. ಸಿಲಿಂಡರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಅವಳೇ ನನಗೆ ಒಂದು ಸುದ್ದಿ ಹೇಳಿದಳು. ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾದ ಗಾಯಕರು ಇಂಪೀರಿಯಲ್ ಕಾಲೇಜಿನ ವೈದ್ಯರ ಜೊತೆ ಸೇರಿ, ದೀರ್ಘ ಕೋವಿಡ್ಡಿನಿಂದ ಏದುಸಿರು ಬಿಡುವವರಿಗೆ ಆನ್‌ಲೈನಿನಲ್ಲಿ ಹಾಡು ಕಲಿಸುತ್ತಾರಂತೆ. ಕಲಿಸುವುದು ಜೋಗುಳಗಳನ್ನು. 150 ಜನರ ಮೇಲೆ ಪರೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದರು. ಆರು ವಾರಗಳಲ್ಲಿ ಹಾಡಿದವರ ಮನಸ್ಸೂ ಉಸಿರೂ ಸುಧಾರಿಸಿತು. ಆಲೋಚಿಸಿದರೆ ಸರಳ. ಹಾಡುವವರು ಬೇಗ ಎಳೆದು ನಿಧಾನಕ್ಕೆ ಬಿಡಲೇಬೇಕು, ಇಲ್ಲದಿದ್ದರೆ ಸಾಲು ಮುಗಿಯುವುದಿಲ್ಲ. ಗುಂಯ್‌ಗುಟ್ಟುವುದಕ್ಕೂ ಒಂದು ಲಾಭವಿದೆ: ಸ್ವೀಡನ್ನಿನವರು 2002ರಲ್ಲಿ ಅಳೆದಾಗ, ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡು ಸುಮ್ಮನೆ ಉಸಿರು ಬಿಟ್ಟಾಗಿನದಕ್ಕಿಂತ ಗುಂಯ್‌ಗುಟ್ಟಿದಾಗ ಹದಿನೈದು ಪಟ್ಟು. ಭ್ರಾಮರಿ ಮಾಡುವ ನಮ್ಮವರಿಗೆ ಇದು ಗೊತ್ತಿತ್ತು ಎಂದು ಎದೆತಟ್ಟಿಕೊಳ್ಳುವವರಿದ್ದಾರೆ. ಮಾಡುವುದು ಗೊತ್ತಿತ್ತು, ಅಳೆಯುವುದು ಗೊತ್ತಿರಲಿಲ್ಲ, ಎರಡೂ ದೊಡ್ಡವೇ.

ಅತ್ತಿಗೆ ಇದನ್ನು ಕೇಳಿ ಸುಮ್ಮನಿರುವವರಲ್ಲ. ಗುರುವಾರದ ಭಜನಾ ಮಂಡಳಿಗೆ ಗಂಡನನ್ನೂ ಎಳೆದುಕೊಂಡು ಹೋದರು, ಮಗಳಿಗೆ ಬಾಗಿಲ ಹತ್ತಿರ ದಿಂಬಿಟ್ಟು ಕೂರಿಸಿದರು. ಷಡ್ಡಕರಿಗೆ ಶ್ರುತಿಯ ಗಂಧವಿಲ್ಲ. ಮೂವತ್ತು ಮಂದಿ ಹೆಂಗಸರ ನಡುವೆ ಒಂದು ದಪ್ಪ ದನಿ ಬೇರೆಯೇ ದಾರಿಯಲ್ಲಿ ಹೋಗುತ್ತಿರುತ್ತದೆ. ಮಂಡಳಿಯ ಹಿರಿಯಮ್ಮ ಅವರ ಕೈಗೆ ತಾಳ ಕೊಟ್ಟು ನೋಡಿದರು, ಲಯವೂ ಇಲ್ಲ. ಆದರೆ ಮೂರು ಚೆಂಡು ಎತ್ತಿ ನಿಲ್ಲಿಸಿದ ಮನುಷ್ಯ, ಉಸಿರಿಗೆ ಬರವಿಲ್ಲ. ಪಲ್ಲವಿಯ ಕೊನೆಯ ಅಕ್ಷರವನ್ನು ಎಲ್ಲರೂ ಬಿಟ್ಟು ತಾಳ ಕೆಳಗಿಟ್ಟು ಮಂಗಳಾರತಿ ತಟ್ಟೆ ಹುಡುಕುತ್ತಿದ್ದರೂ ಇವರು ಇನ್ನೂ ಹಿಡಿದೇ ಇರುತ್ತಾರೆ, ಕಣ್ಣು ಮುಚ್ಚಿಕೊಂಡು. ಅವರು ಬಿಡುವವರೆಗೂ ಪ್ರಸಾದ ಹಂಚುವ ಹಾಗಿಲ್ಲ ಎಂದು ಮಂಡಳಿಯಲ್ಲಿ ದೂರಿದೆ.